ವಿಮಾನ ಕಲಿಯಲು ಹೊರಟವರ ಹಣ ಕಂತಿನಲ್ಲಿ ಹೋಗಲಿ

ಮಾನ್ಯ ಸಂಪಾದಕರೆ,

ದ್ವಿತೀಯ ಪಿಯುಸಿ ಫಲಿತಾಂಶ ಹೊರಬಿದ್ದ ವಾರದಿಂದಲೇ ಮೈಸೂರು ಮತ್ತು ಮಂಡ್ಯದ ಗೋಡೆಗಳ ಮೇಲೆ, ಬಸ್ಸುಗಳ ಹಿಂಬದಿಯಲ್ಲಿ, ಮೊಬೈಲ್ ಜಾಹೀರಾತುಗಳಲ್ಲಿ ಒಂದೇ ವರ್ಷದಲ್ಲಿ ಪೈಲಟ್ ಆಗಬಹುದೆಂಬ ಭರವಸೆ ಕಾಣಿಸಿಕೊಳ್ಳುತ್ತದೆ. ಭಾನುವಾರಗಳಂದು ಹೋಟೆಲುಗಳ ಸಭಾಂಗಣದಲ್ಲಿ ಉಚಿತ ಮಾಹಿತಿ ಶಿಬಿರಗಳು ನಡೆಯುತ್ತವೆ. ಮುಂದಿನ ಸಾಲಿನಲ್ಲಿ ಮಕ್ಕಳನ್ನು ಕೂರಿಸಿಕೊಂಡು ಬಂದ ತಂದೆತಾಯಿ ಫ್ಲಾರಿಡಾ, ಟೆಕ್ಸಾಸ್, ದಕ್ಷಿಣ ಆಫ್ರಿಕಾ, ನ್ಯೂಜಿಲೆಂಡ್‌ಗಳ ಹೆಸರು ಕೇಳಿ ಮನೆಗೆ ಹೋಗುತ್ತಾರೆ, ಕೆಲವರು ಅಂದೇ ಮುಂಗಡ ಕಟ್ಟಿ ಹೋಗುತ್ತಾರೆ. ನಾನು ಪಾಂಡವಪುರ ತಾಲ್ಲೂಕಿನ ರೈತ ಕುಟುಂಬದವಳು. ಅಮೆರಿಕದ ಫ್ಲಾರಿಡಾದಲ್ಲಿ ವಿಮಾನ ಹಾರಾಟದ ತರಬೇತಿ ಪಡೆದು, ಅಲ್ಲಿನ ಪರವಾನಗಿಯನ್ನು ಇಲ್ಲಿಯದಕ್ಕೆ ಪರಿವರ್ತಿಸಿಕೊಂಡು, ಈಗ ವಿಮಾನಯಾನ ಸಂಸ್ಥೆಗಳ ನೇಮಕಾತಿ ಪರೀಕ್ಷೆಗೆ ಓದಿಕೊಳ್ಳುತ್ತಿದ್ದೇನೆ. ಆ ಶಿಬಿರಗಳಲ್ಲಿ ಹೇಳದೆ ಬಿಡುವ ಸಂಗತಿಗಳನ್ನು ನಮ್ಮ ಎರಡೂ ಜಿಲ್ಲೆಗಳ ಕುಟುಂಬಗಳ ಮುಂದಿಡಬೇಕೆಂದು ಈ ಪತ್ರ ಬರೆಯುತ್ತಿದ್ದೇನೆ. ಪತ್ರ ತುಸು ದೀರ್ಘವಾಗಿದೆ, ದಯವಿಟ್ಟು ಸ್ಥಳಾವಕಾಶ ಮಾಡಿಕೊಡಬೇಕು.

ಮೊದಲಿಗೆ ಹಣದ ಮಾತು. ವಿದೇಶದಲ್ಲಿ ವಾಣಿಜ್ಯ ಪೈಲಟ್ ಪರವಾನಗಿ ಪಡೆಯಲು ವಾಸ, ಊಟ, ಪರೀಕ್ಷೆಯ ಖರ್ಚೆಲ್ಲ ಸೇರಿ ಅರವತ್ತು, ಎಪ್ಪತ್ತು ಲಕ್ಷ ರೂಪಾಯಿ ಸಲೀಸಾಗಿ ಆಗುತ್ತದೆ, ಅದಕ್ಕಿಂತ ಹೆಚ್ಚು ಕೊಟ್ಟವರೂ ಇದ್ದಾರೆ. ಬ್ಯಾಂಕುಗಳ ಮಾದರಿ ಶಿಕ್ಷಣ ಸಾಲ ಯೋಜನೆಯಲ್ಲಿ 7.5 ಲಕ್ಷ ರೂಪಾಯಿ ದಾಟಿದ ಸಾಲಕ್ಕೆ ಆಸ್ತಿಯ ಭದ್ರತೆ ಕೇಳುತ್ತಾರೆ. ಆದರೆ ನಾಲೆ ಬಯಲಿನ ರೈತನ ಬಳಿ ಇರುವ ಆಸ್ತಿಯೆಂದರೆ ಗದ್ದೆ. ಸಾಲ ತೀರಿಸದವರ ಆಸ್ತಿಯನ್ನು ವಶಪಡಿಸಿಕೊಳ್ಳಲು ಬ್ಯಾಂಕುಗಳಿಗೆ ಅಧಿಕಾರ ಕೊಡುವ 2002ರ ಸರ್ಫೇಸಿ ಕಾಯ್ದೆಯ ಅಡಿಯಲ್ಲಿ ಕೃಷಿ ಭೂಮಿಯನ್ನು ಬ್ಯಾಂಕು ವಶಪಡಿಸಿಕೊಳ್ಳುವಂತಿಲ್ಲವಾದ ಕಾರಣ, ಗದ್ದೆಯನ್ನು ಭದ್ರತೆಯಾಗಿ ಒಪ್ಪಿಕೊಳ್ಳಲು ಬಹುತೇಕ ಬ್ಯಾಂಕುಗಳು ಮುಂದಾಗುವುದಿಲ್ಲ. ರೈತನನ್ನು ಕಾಪಾಡಲೆಂದೇ ಮಾಡಿದ ಆ ವಿನಾಯಿತಿ ಸರಿಯಾದದ್ದೇ. ಆದರೆ ಮೈಸೂರಿನಲ್ಲಿ ಒಂದು ನಿವೇಶನವೋ ಮನೆಯೋ ಇದ್ದವನಿಗೆ ಸಾಲ ಸಿಗುತ್ತದೆ, ಇಲ್ಲದವನು ಗದ್ದೆ ಮಾರುತ್ತಾನೆ ಅಥವಾ ಹೆಚ್ಚು ಬಡ್ಡಿಯ ಖಾಸಗಿ ಸಾಲಕ್ಕೆ ಹೋಗುತ್ತಾನೆ. ಮಾರಿದ ಗದ್ದೆಯ ಹಣ ಒಟ್ಟಿಗೆ ಕೈಗೆ ಬಂದಿರುತ್ತದೆ. ಅದು ಒಟ್ಟಿಗೆ ಬಂದಿರುವುದು ಏಜೆಂಟನಿಗೂ ಗೊತ್ತಿರುತ್ತದೆ. ‘ಪೂರ್ತಿ ಶುಲ್ಕ ಒಮ್ಮೆಗೇ ಕಟ್ಟಿದರೆ ಇಷ್ಟು ರಿಯಾಯಿತಿ’ ಎಂಬ ಮಾತು ಹುಟ್ಟುವುದು ಇಲ್ಲಿಂದ, ಮತ್ತು ಈ ಪತ್ರದಲ್ಲಿ ನಾನು ಮುಖ್ಯವಾಗಿ ವಿರೋಧಿಸುತ್ತಿರುವುದು ಈ ಒಂದೇ ಪದ್ಧತಿಯನ್ನು.

ಹಾರಾಟದ ಕಲಿಕೆಗೆ ವರ್ಷದ ಲೆಕ್ಕವಿಲ್ಲ, ಗಂಟೆಯ ಲೆಕ್ಕವಿದೆ. ಡಿಜಿಸಿಎ ಎಂದೇ ಎಲ್ಲರಿಗೂ ಪರಿಚಿತವಾದ ನಮ್ಮ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯವು ವಾಣಿಜ್ಯ ಪರವಾನಗಿಗೆ ಒಟ್ಟು 200 ಗಂಟೆಗಳ ಹಾರಾಟವನ್ನು ಕೇಳುತ್ತದೆ. ಅದರಲ್ಲಿ 100 ಗಂಟೆ ವಿಮಾನದ ಪೂರ್ಣ ಹೊಣೆ ಹೊತ್ತ ಪೈಲಟ್ ಆಗಿ ಹಾರಿರಬೇಕು, ಒಂದು ಊರಿನಿಂದ ಇನ್ನೊಂದು ಊರಿಗೆ ಹೋಗುವ ಹಾರಾಟಗಳಲ್ಲಿ ಒಂದಾದರೂ 300 ನಾಟಿಕಲ್ ಮೈಲಿ, ಅಂದರೆ ಸುಮಾರು 555 ಕಿಲೋಮೀಟರಿನದಾಗಿದ್ದು, ನಡುವೆ ಬೇರೆ ಎರಡು ನಿಲ್ದಾಣಗಳಲ್ಲಿ ಇಳಿದಿರಬೇಕು, ರಾತ್ರಿ ಹಾರಾಟವೂ ಉಪಕರಣಗಳನ್ನಷ್ಟೇ ನೋಡಿಕೊಂಡು ಹಾರಿಸುವ ಅಭ್ಯಾಸವೂ ಇಷ್ಟಿಷ್ಟು ಆಗಿರಬೇಕು. ಏಜೆಂಟರು ತೋರಿಸುವ ಶುಲ್ಕದ ಪಟ್ಟಿ ಈ ಕನಿಷ್ಠ ಗಂಟೆಗಳ ಮೇಲೆ ನಿಂತಿರುತ್ತದೆ. ಅಮೆರಿಕದಲ್ಲಿ ಮೊದಲ ಹಂತದ ಖಾಸಗಿ ಪರವಾನಗಿಗೆ ನಿಯಮದ ಪ್ರಕಾರ 40 ಗಂಟೆ, ಕೆಲವು ಮಾನ್ಯತೆ ಪಡೆದ ಶಾಲೆಗಳಲ್ಲಿ 35 ಗಂಟೆ ಸಾಕು. ಆದರೆ ಹೆಚ್ಚಿನವರು ಅದಕ್ಕಿಂತ ಬಹಳಷ್ಟು ಗಂಟೆ ಹಾರಿದ ಮೇಲೆಯೇ ಪರೀಕ್ಷೆಗೆ ಸಿದ್ಧರಾಗುತ್ತಾರೆ ಎಂಬುದು ಅಲ್ಲಿನ ಪ್ರತಿಯೊಬ್ಬ ಬೋಧಕರಿಗೂ ತಿಳಿದ ಸಂಗತಿ. ಹೆಚ್ಚಿಗೆ ಹಾರಿದ ಪ್ರತಿ ಗಂಟೆಗೂ ವಿಮಾನದ ಬಾಡಿಗೆ ಮತ್ತು ಬೋಧಕರ ಸಂಬಳ ಪ್ರತ್ಯೇಕವಾಗಿ, ಡಾಲರಿನಲ್ಲಿ ಕಟ್ಟಬೇಕು.

ಆ ಗಂಟೆಯನ್ನು ಅಳೆಯುವ ಬಗೆಯನ್ನೂ ಪೋಷಕರು ತಿಳಿದಿರುವುದು ಒಳ್ಳೆಯದು. ತರಬೇತಿ ವಿಮಾನದಲ್ಲಿ ಹಾಬ್ಸ್ ಮೀಟರ್ ಎಂಬ ಪುಟ್ಟ ಅಳತೆಯ ಯಂತ್ರವಿರುತ್ತದೆ. ಸಾಮಾನ್ಯವಾಗಿ ಎಂಜಿನ್ ಚಾಲೂ ಆದ ಕ್ಷಣದಿಂದ ಅದು ಓಡತೊಡಗುತ್ತದೆ, ಗಂಟೆಯ ಹತ್ತನೇ ಒಂದು ಭಾಗದಂತೆ, ಅಂದರೆ ಆರಾರು ನಿಮಿಷಕ್ಕೆ ಒಂದು ಅಂಕಿ ಉರುಳುತ್ತದೆ. ನಾನಿದ್ದ ನಿಲ್ದಾಣದಲ್ಲಿ ಬೆಳಗಿನ ಹೊತ್ತು ಹತ್ತಾರು ತರಬೇತಿ ವಿಮಾನಗಳು ಒಂದರ ಹಿಂದೊಂದು ರನ್‌ವೇಗೆ ಸಾಲುಗಟ್ಟಿ ನಿಲ್ಲುತ್ತಿದ್ದವು. ನೆಲ ಬಿಡುವುದಕ್ಕೆ ಮೊದಲೇ ಮೀಟರಿನಲ್ಲಿ ಎರಡು ಮೂರು ಅಂಕಿ ಸರಿದುಹೋಗುತ್ತಿದ್ದವು. ಸಾಲಿನಲ್ಲಿ ನಿಂತ ಸಮಯವೂ ಬಿಲ್ಲಿನಲ್ಲಿ ಬರುತ್ತದೆ. ಇದರಲ್ಲಿ ಮೋಸವಿಲ್ಲ, ನಿಯಮವೇ ಹಾಗಿದೆ. ಆದರೆ ದಟ್ಟಣೆಯ ನಿಲ್ದಾಣದಲ್ಲಿರುವ ಶಾಲೆಗೂ ದಟ್ಟಣೆಯಿಲ್ಲದ ನಿಲ್ದಾಣದಲ್ಲಿರುವ ಶಾಲೆಗೂ ಒಂದೇ ಗಂಟೆಯ ಹಣದಲ್ಲಿ ಸಿಗುವ ಕಲಿಕೆ ಬೇರೆ ಬೇರೆ ಎಂಬುದನ್ನು ಯಾವ ಶಿಬಿರದಲ್ಲಿಯೂ ಯಾರೂ ಹೇಳಿದ್ದನ್ನು ನಾನು ಕೇಳಿಲ್ಲ.

ಅಲ್ಲಿನ ದಿನಚರಿಯನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ಸಮವಸ್ತ್ರದ ಚಿತ್ರಗಳಲ್ಲಿ ಅದು ಕಾಣುವುದಿಲ್ಲ. ಬೇಸಿಗೆಯಲ್ಲಿ ಫ್ಲಾರಿಡಾದ ಆಕಾಶ ಬೆಳಿಗ್ಗೆ ತಿಳಿಯಾಗಿದ್ದು ಮಧ್ಯಾಹ್ನದ ಹೊತ್ತಿಗೆ ಗುಡುಗು ಮೋಡಗಳಿಂದ ಕವಿದುಕೊಳ್ಳುತ್ತದೆ. ಆದ್ದರಿಂದ ಸೂರ್ಯ ಹುಟ್ಟುವ ಮೊದಲೇ ನಿಲ್ದಾಣದಲ್ಲಿರಬೇಕು. ಮೊದಲು ಹವಾಮಾನ ವರದಿ ಓದಿ, ವಿಮಾನದ ಭಾರ ಮತ್ತು ಸಮತೋಲನದ ಲೆಕ್ಕ ಮಾಡಿ, ನಂತರ ವಿಮಾನದ ಸುತ್ತ ನಡೆದು ರೆಕ್ಕೆ, ಟೈರು, ಎಂಜಿನ್ ಎಣ್ಣೆ, ಬೆಸುಗೆ, ಮೊಳೆ ಎಲ್ಲವನ್ನೂ ಕೈಯಿಂದ ಮುಟ್ಟಿ ಪರೀಕ್ಷಿಸಬೇಕು. ರೆಕ್ಕೆಯ ಅಡಿಯಲ್ಲಿರುವ ಕವಾಟಕ್ಕೆ ಪಾರದರ್ಶಕವಾದ ಒಂದು ಸಣ್ಣ ಲೋಟವನ್ನು ಒತ್ತಿ ಹಿಡಿದು ಸ್ವಲ್ಪ ಇಂಧನ ಇಳಿಸಿಕೊಳ್ಳುತ್ತೇವೆ. ಈ ವಿಮಾನಗಳಿಗೆ ಹಾಕುವ 100 ಎಲ್ಎಲ್ ಎಂಬ ಪೆಟ್ರೋಲಿಗೆ ಗುರುತಿಗಾಗಿ ತಿಳಿನೀಲಿ ಬಣ್ಣ ಬೆರೆಸಿರುತ್ತಾರೆ. ಇಬ್ಬನಿಯ ನೀರು ಟ್ಯಾಂಕಿಗೆ ಇಳಿದಿದ್ದರೆ ಅದು ಭಾರವಾದ್ದರಿಂದ ಬಣ್ಣವಿಲ್ಲದ ಗುಳ್ಳೆಯಾಗಿ ಲೋಟದ ತಳದಲ್ಲಿ ಕೂರುತ್ತದೆ. ಕತ್ತಲಿನಲ್ಲಿ ಟಾರ್ಚ್ ಬೆಳಕಿಗೆ ಆ ಲೋಟವನ್ನು ಎತ್ತಿ ಹಿಡಿದು, ನೀಲಿಯ ಕೆಳಗೆ ಗುಳ್ಳೆಯಿದೆಯೋ ಇಲ್ಲವೋ ಎಂದು ನೋಡುವುದೇ ದಿನದ ಮೊದಲ ನಿಜವಾದ ಪಾಠ. ಗುಳ್ಳೆ ಕಂಡರೆ ಅದು ಕಾಣದಾಗುವವರೆಗೂ ಮತ್ತೆ ಮತ್ತೆ ಇಳಿಸಬೇಕು, ನೀರು ಎಂಜಿನ್ ತಲುಪಿದರೆ ಏರುವ ಹೊತ್ತಿನಲ್ಲೇ ಎಂಜಿನ್ ನಿಲ್ಲಬಹುದು. ಈ ಕೆಲಸವನ್ನು ಅವಸರದಲ್ಲಿ ಮಾಡುವವರನ್ನು ನಮ್ಮ ಬೋಧಕರು ಅಂದು ಹಾರಲು ಬಿಡುತ್ತಿರಲಿಲ್ಲ, ಅದಕ್ಕಾಗಿ ಅವರ ಬಗ್ಗೆ ನನಗೆ ಇಂದಿಗೂ ಗೌರವವಿದೆ.

ಇಷ್ಟೆಲ್ಲ ಸಿದ್ಧವಾದ ಮೇಲೂ ಹಾರಲಾಗದ ದಿನಗಳು ಬಹಳ. ಗಾಳಿ ರನ್‌ವೇಗೆ ಅಡ್ಡಲಾಗಿ ಜೋರಾಗಿ ಬೀಸಿದರೆ ಕಲಿಯುವವರಿಗೆ ಹಾರಾಟವಿಲ್ಲ, ಮೋಡ ಕೆಳಗಿದ್ದರೆ ಇಲ್ಲ, ವಿಮಾನ ರಿಪೇರಿಗೆ ಹೋಗಿದ್ದರೆ ಇಲ್ಲ. ಜೂನ್‌ನಿಂದ ನವೆಂಬರ್‌ವರೆಗೆ ಅಲ್ಲಿ ಚಂಡಮಾರುತದ ಕಾಲ. ಮುನ್ಸೂಚನೆ ಬಂತೆಂದರೆ ವಿಮಾನಗಳನ್ನು ಬೇರೆ ಊರಿಗೆ ಸಾಗಿಸಿಬಿಡುತ್ತಾರೆ. ಇನ್ನು ಬೋಧಕರ ವಿಷಯ. ಅಮೆರಿಕದಲ್ಲಿ ದೊಡ್ಡ ವಿಮಾನಯಾನ ಸಂಸ್ಥೆಗಳಿಗೆ ಸೇರಲು ಸಾಮಾನ್ಯವಾಗಿ 1,500 ಗಂಟೆಗಳ ಹಾರಾಟ ಬೇಕು. ಅದನ್ನು ಕೂಡಿಸಿಕೊಳ್ಳಲು ಅನೇಕ ಯುವಕ ಯುವತಿಯರು ಬೋಧಕರಾಗಿ ದುಡಿಯುತ್ತಾರೆ, ಗಂಟೆ ತುಂಬಿದೊಡನೆ ಹೊರಟುಹೋಗುತ್ತಾರೆ. ಹೊಸದಾಗಿ ಬಂದವರು ನಮ್ಮ ಕೈಯ ಹದ ತಿಳಿಯದೆ ಮುಂದಿನ ಹಂತಕ್ಕೆ ಬಿಡುವುದಿಲ್ಲ, ಬಿಡಲೂ ಬಾರದು. ಆದರೆ ಆ ಪರಿಚಯದ ಗಂಟೆಗಳ ಹಣವೂ ನಮ್ಮದೇ. ನಾನು ಹೋಗಿದ್ದ ಎಂ-1 ಎಂಬ ವಿದ್ಯಾರ್ಥಿ ವೀಸಾದಲ್ಲಿ ಓದುವ ಅವಧಿಯಲ್ಲಿ ದುಡಿಯಲು ಅನುಮತಿಯಿಲ್ಲ. ಹಾರಿದರೂ ಹಾರದಿದ್ದರೂ ಬಾಡಿಗೆ, ದಿನಸಿ, ವಿಮೆ ನಡೆಯುತ್ತಲೇ ಇರುತ್ತದೆ. ಆಲೆಮನೆಯ ಕೆಲಸ ಮುಗಿಸಿ ರಾತ್ರಿ ಫೋನು ಮಾಡುತ್ತಿದ್ದ ನಮ್ಮ ತಂದೆ ಮೊದಲು ಕೇಳುತ್ತಿದ್ದದ್ದು, ‘ಇವತ್ತು ಹಾರ್ದಾ ಮಗ?’ ಎಂದೇ. ಇಲ್ಲವೆಂದು ಹೇಳುವಾಗ ಗಾಳಿಯ ವೇಗ, ಮೋಡದ ಎತ್ತರ ವಿವರಿಸಿದರೂ ಅವರಿಗೆ ಕೇಳಿಸುತ್ತಿದ್ದದ್ದು ಇನ್ನೊಂದು ದಿನದ ಖರ್ಚು. ಇಂಥ ಮಾತುಕತೆಗಳ ಭಾರ ತಡೆಯಲಾರದೆ, ಮೈಗೆ ಹುಷಾರಿಲ್ಲದಿದ್ದರೂ ಹಾರಲು ಹೊರಡುತ್ತಿದ್ದ ಗೆಳೆಯರನ್ನು ನಾನು ಕಂಡಿದ್ದೇನೆ. ಅದು ಹಣದ ಪ್ರಶ್ನೆಯನ್ನು ಮೀರಿ ಜೀವದ ಪ್ರಶ್ನೆಯಾಗುತ್ತದೆ. ಕಟ್ಟಿಯಾದ ಹಣ ಮುಳುಗುತ್ತಿದೆ ಎಂಬ ಹೆದರಿಕೆ ಕಲಿಯುವವರ ತಲೆಯಲ್ಲಿ ಕೂತಿದ್ದರೆ, ಇವತ್ತು ಹಾರುವುದು ಬೇಡ ಎಂದು ಹೇಳುವ ಧೈರ್ಯ ಅವರಿಗೆ ಬರುವುದಿಲ್ಲ.

ಹಾಗೆಂದು ಆ ದಿನಗಳು ಬರೀ ಕಷ್ಟದವೆಂದು ಹೇಳಿದರೆ ಸುಳ್ಳಾಗುತ್ತದೆ. ಬೋಧಕರು ಇಳಿದುಹೋಗಿ ಮೊದಲ ಸಲ ಒಬ್ಬಳೇ ಹಾರಿದ ದಿನ, ಒಬ್ಬರ ಭಾರ ಕಡಿಮೆಯಾದ್ದರಿಂದ ವಿಮಾನ ದಿನಕ್ಕಿಂತ ಬೇಗ ನೆಲ ಬಿಟ್ಟಿತು. ಪಕ್ಕದ ಖಾಲಿ ಸೀಟಿಗಿಂತಲೂ ಆ ಹಗುರತನವೇ ನಾನು ಒಬ್ಬಳೇ ಇರುವುದನ್ನು ನನಗೆ ತಿಳಿಸಿದ್ದು. ಇಳಿದ ಮೇಲೆ ಅಲ್ಲಿನ ವಾಡಿಕೆಯಂತೆ ಅಂಗಿಯ ಬೆನ್ನಿನ ಬಟ್ಟೆ ಕತ್ತರಿಸಿ, ಹೆಸರು, ದಿನಾಂಕ ಬರೆದು ಶಾಲೆಯ ಗೋಡೆಗೆ ತೂಗುಹಾಕಿದರು. ಇಲ್ಲಿಯ ಮಕ್ಕಳಿಗೆ, ಅದರಲ್ಲೂ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ, ಇನ್ನೊಂದು ಮಾತು ಹೇಳಬೇಕು. ನಾನು ಹತ್ತನೆಯ ತರಗತಿಯವರೆಗೆ ಓದಿದ್ದು ಸರ್ಕಾರಿ ಕನ್ನಡ ಶಾಲೆಯಲ್ಲಿ. ರೇಡಿಯೊದಲ್ಲಿ ನಿಯಂತ್ರಣ ಗೋಪುರದವರು ಮಾತನಾಡುವ ಇಂಗ್ಲಿಷ್ ಕಷ್ಟದ್ದಲ್ಲ, ಗೊತ್ತುಪಡಿಸಿದ ಕೆಲವೇ ನೂರು ನುಡಿಗಳಲ್ಲಿ ಬಹುಪಾಲು ಕೆಲಸ ಮುಗಿಯುತ್ತದೆ. ಕಷ್ಟವಾಗುವುದು ಅದರ ವೇಗ. ರನ್‌ವೇ ಸಂಖ್ಯೆ, ಏರಬೇಕಾದ ಎತ್ತರ, ಎಲ್ಲಿ ತಡೆದು ನಿಲ್ಲಬೇಕೆಂಬ ಸೂಚನೆ ಒಂದೇ ಉಸಿರಿನಲ್ಲಿ ಬರುತ್ತವೆ, ಅವನ್ನು ತಪ್ಪಿಲ್ಲದೆ ತಿರುಗಿ ಹೇಳಬೇಕು. ಇದಕ್ಕೆ ಮನೆಯಲ್ಲೇ ತಯಾರಿ ಮಾಡಬಹುದು. ನಿಲ್ದಾಣಗಳ ರೇಡಿಯೊ ಸಂಭಾಷಣೆ ಅಂತರ್ಜಾಲದಲ್ಲಿ ಕೇಳಸಿಗುತ್ತದೆ, ದಿನಕ್ಕೆ ಅರ್ಧ ಗಂಟೆ ಕೇಳಿ ಬರೆದುಕೊಂಡರೆ ಕೆಲವು ತಿಂಗಳಲ್ಲಿ ಕಿವಿ ಪಳಗುತ್ತದೆ. ಇಂಗ್ಲಿಷಿಗೆ ಹೆದರಿ ಹಿಂದೆ ಸರಿಯುವ ಅಗತ್ಯ ಯಾವ ಹಳ್ಳಿಯ ಹುಡುಗಿಗೂ ಇಲ್ಲ.

ಮರಳಿ ಬಂದ ನಂತರದ ಹಾದಿಯ ಬಗ್ಗೆ ಶಿಬಿರಗಳಲ್ಲಿ ಎರಡು ವಾಕ್ಯ ಹೇಳಿ ಮುಗಿಸುತ್ತಾರೆ. ವಿದೇಶದ ಪರವಾನಗಿ ಹಿಡಿದು ಬಂದವರು ಭಾರತದಲ್ಲಿ ನೇರವಾಗಿ ಹಾರಿಸುವಂತಿಲ್ಲ. ಆ ದೇಶದ ಪ್ರಾಧಿಕಾರದಿಂದ ದೃಢೀಕರಣ ಬರಬೇಕು, ಡಿಜಿಸಿಎಯ ಲಿಖಿತ ಪರೀಕ್ಷೆಗಳಲ್ಲಿ ನೂರಕ್ಕೆ 70 ಅಂಕ ಪಡೆದು ಉತ್ತೀರ್ಣರಾಗಬೇಕು, ರೇಡಿಯೊ ಬಳಕೆಯ ಪರೀಕ್ಷೆ ಪ್ರತ್ಯೇಕವಾಗಿದೆ, ಅಗತ್ಯ ಬಿದ್ದರೆ ಇಲ್ಲಿಯ ಶಾಲೆಯೊಂದರಲ್ಲಿ ಮತ್ತೆ ಹಣ ಕಟ್ಟಿ ಪರೀಕ್ಷಾ ಹಾರಾಟ ಮಾಡಬೇಕು. ಹಾರಿದ ಗಂಟೆಗಳನ್ನು ಬರೆದಿಡುವ ಲಾಗ್‌ಬುಕ್ಕಿನ ಲೆಕ್ಕವೂ ಎರಡು ದೇಶಗಳಲ್ಲಿ ಒಂದೇ ಅಲ್ಲ. ಅಮೆರಿಕದಲ್ಲಿ ಖಾಸಗಿ ಪರವಾನಗಿ ಪಡೆದವರು ಬೋಧಕರ ಪಕ್ಕದಲ್ಲಿ ಕುಳಿತು ತಾವೇ ವಿಮಾನ ನಡೆಸಿದ ಸಮಯವನ್ನೂ ಹೊಣೆ ಹೊತ್ತ ಪೈಲಟ್ಟಿನ ಗಂಟೆಯಾಗಿ ಬರೆದುಕೊಳ್ಳಲು ಅವಕಾಶವಿದೆ. ನಮ್ಮ ಡಿಜಿಸಿಎ ಅದನ್ನು ಬೋಧಕರೊಂದಿಗಿನ ಕಲಿಕೆಯೆಂದೇ ನೋಡುತ್ತದೆ. ಇದು ತಿಳಿಯದೆ, ಅಲ್ಲಿನ ಲೆಕ್ಕದಲ್ಲಿ ನೂರು ದಾಟಿದೆ ಎಂದು ನೆಮ್ಮದಿಯಿಂದ ಬಂದವರು ಇಲ್ಲಿಯ ಲೆಕ್ಕದಲ್ಲಿ ಕಡಿಮೆ ಬಿದ್ದು, ಉಳಿದ ಗಂಟೆಗಳಿಗಾಗಿ ಮತ್ತೆ ಲಕ್ಷಗಟ್ಟಲೆ ಹೊಂದಿಸಬೇಕಾಗುತ್ತದೆ.

ಇದಕ್ಕಿಂತ ದೊಡ್ಡ ಪೆಟ್ಟು ವೈದ್ಯಕೀಯ ತಪಾಸಣೆಯದು. ವಾಣಿಜ್ಯ ಪರವಾನಗಿಗೆ ಡಿಜಿಸಿಎಯ ಮೊದಲ ದರ್ಜೆಯ ವೈದ್ಯಕೀಯ ಪ್ರಮಾಣಪತ್ರ ಕಡ್ಡಾಯ. ಅದರ ತಪಾಸಣೆ ನಡೆಸುವ ಪ್ರಮುಖ ಕೇಂದ್ರಗಳಲ್ಲಿ ಒಂದಾದ ವಾಯುಪಡೆಯ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆ ಬೆಂಗಳೂರಿನಲ್ಲೇ ಇದೆ, ನಮ್ಮ ಊರುಗಳಿಂದ ಅರ್ಧ ದಿನದ ಪ್ರಯಾಣ. ಆದರೂ ಅದನ್ನು ಮಾಡಿಸದೆ ವಿಮಾನ ಹತ್ತುವವರಿದ್ದಾರೆ, ಏಕೆಂದರೆ ವೀಸಾಕ್ಕಾಗಲಿ ಅಲ್ಲಿನ ಶಾಲೆಗಾಗಲಿ ಭಾರತದ ಆ ಪ್ರಮಾಣಪತ್ರ ಬೇಕಾಗುವುದಿಲ್ಲ. ನನ್ನ ಜೊತೆ ಕಲಿಯುತ್ತಿದ್ದ ಕೆ.ಆರ್. ನಗರ ಕಡೆಯ ಒಬ್ಬ ಹುಡುಗ ಹಾರಾಟದಲ್ಲಿ ನಮ್ಮೆಲ್ಲರಿಗಿಂತ ಚುರುಕಾಗಿದ್ದ. ಅಮೆರಿಕದ ಪರವಾನಗಿ ಪಡೆದು ಊರಿಗೆ ಬಂದ ಮೇಲೆ, ಇಲ್ಲಿಯ ತಪಾಸಣೆಯಲ್ಲಿ ಅವನಿಗೆ ಕೆಂಪು ಮತ್ತು ಹಸಿರು ಬಣ್ಣಗಳನ್ನು ಬೇರ್ಪಡಿಸಿ ನೋಡುವುದರಲ್ಲಿ ದೋಷವಿದೆಯೆಂದು ತಿಳಿಯಿತು. ಅವನನ್ನು ಕಳುಹಿಸಿದ ಏಜೆನ್ಸಿಯವರು ಆ ತಪಾಸಣೆಯನ್ನು ‘ಬಂದ ಮೇಲೆ ಮಾಡಿಸಿದರಾಯಿತು’ ಎಂದಿದ್ದರಂತೆ. ಬಣ್ಣದ ಹಾಳೆಗಳನ್ನು ತೋರಿಸಿ ಮಾಡುವ ಆ ಪರೀಕ್ಷೆಗೆ ಹಿಡಿಯುವುದು ಕೆಲವೇ ನಿಮಿಷ. ಅವರ ಮನೆಯವರು ಮಾರಿದ ಜಮೀನಿನ ಹಣ ಆ ಹೊತ್ತಿಗೆ ಪೂರ್ತಿ ಖರ್ಚಾಗಿತ್ತು.

ಪರವಾನಗಿ ಕೈಗೆ ಬಂದೊಡನೆ ಕೆಲಸ ಸಿಗುತ್ತದೆಂಬುದೂ ಖಾತ್ರಿಯಿಲ್ಲ. 2023ರಲ್ಲಿ ಡಿಜಿಸಿಎ 1,622 ವಾಣಿಜ್ಯ ಪರವಾನಗಿಗಳನ್ನು ಕೊಟ್ಟಿತು, ಅದೇ ವರ್ಷದ ಮೇ ತಿಂಗಳಲ್ಲಿ ಗೋ ಫಸ್ಟ್ ವಿಮಾನಯಾನ ಸಂಸ್ಥೆ ಹಾರಾಟ ನಿಲ್ಲಿಸಿತು. ಅದಕ್ಕೂ ಮೊದಲು 2019ರ ಏಪ್ರಿಲ್‌ನಲ್ಲಿ ಜೆಟ್ ಏರ್‌ವೇಸ್ ನಿಂತಿತ್ತು. ಒಂದು ಸಂಸ್ಥೆ ಮುಚ್ಚಿದರೆ ಸಾವಿರಾರು ಗಂಟೆ ಹಾರಿದ ಅನುಭವಿಗಳು ಕೆಲಸ ಹುಡುಕುವ ಸಾಲಿಗೆ ಬರುತ್ತಾರೆ, 200 ಗಂಟೆಯವರು ಅವರ ಹಿಂದೆ ನಿಲ್ಲಬೇಕಾಗುತ್ತದೆ. ಏರ್‌ಬಸ್ 320ರಂಥ ವಿಮಾನವೊಂದನ್ನು ಹಾರಿಸುವ ಪ್ರತ್ಯೇಕ ತರಬೇತಿಗೆ ಮತ್ತೆ ಹತ್ತು ಲಕ್ಷ ಮೀರಿದ ಖರ್ಚಿದೆ. ಶಿಕ್ಷಣ ಸಾಲದ ಮಾದರಿ ಯೋಜನೆಯಲ್ಲಿ ಕೋರ್ಸು ಮುಗಿದ ಒಂದು ವರ್ಷದವರೆಗೆ ಕಂತು ಕಟ್ಟದಿರಲು ಅವಕಾಶವಿದೆ, ಬಡ್ಡಿ ಮಾತ್ರ ಮೊದಲ ದಿನದಿಂದ ಬೆಳೆಯುತ್ತಿರುತ್ತದೆ.

ವಿದೇಶಕ್ಕೆ ಹೋಗಲೇಬಾರದೆಂದು ನಾನು ಹೇಳುತ್ತಿಲ್ಲ. ಅಲ್ಲಿ ತರಬೇತಿಗೆಂದೇ ಬಳಕೆಯಾಗುವ ನಿಲ್ದಾಣಗಳು ಬಹಳ, ವಿಮಾನಗಳೂ ಬಹಳ, ಹಾರಾಟದ ಶಿಸ್ತನ್ನು ನಾನು ಕಲಿತದ್ದೇ ಅಲ್ಲಿ. ಆದರೆ ಹೊರಡುವ ಮೊದಲು ಮನೆಯ ಹತ್ತಿರದ ದಾರಿಗಳನ್ನೂ ನೋಡಿರಬೇಕು. ನಮ್ಮ ಮೈಸೂರಿನ ಮಂಡಕಳ್ಳಿ ವಿಮಾನ ನಿಲ್ದಾಣದಲ್ಲೇ ತರಬೇತಿ ವಿಮಾನಗಳು ಹಾರುತ್ತಿವೆ. ಬೆಂಗಳೂರಿನ ಜಕ್ಕೂರಿನಲ್ಲಿ ಸರ್ಕಾರಿ ಹಾರಾಟ ತರಬೇತಿ ಶಾಲೆಯಿದೆ, ಕಲಬುರಗಿ ಮತ್ತು ಬೆಳಗಾವಿ ನಿಲ್ದಾಣಗಳನ್ನೂ ತರಬೇತಿ ಶಾಲೆಗಳಿಗೆ ತೆರೆಯಲಾಗಿದೆ. ಮಳೆಗಾಲದಲ್ಲಿ ಹಾರಾಟ ಕಡಿಮೆಯಾಗುವುದು, ಪ್ರಯಾಣಿಕ ವಿಮಾನಗಳು ಬಂದಾಗ ಕಾಯಬೇಕಾಗುವುದು, ಬೋಧಕರ ಕೊರತೆ ಇಲ್ಲಿಯ ತೊಂದರೆಗಳು, ಅವೂ ಸಣ್ಣವಲ್ಲ. ಆದರೆ ದೇಶದೊಳಗಿನ ಶಾಲೆಗಳಿಗೆ ಡಿಜಿಸಿಎ 2025ರಿಂದ ಶ್ರೇಣಿ ನೀಡುತ್ತಿದೆ, ತಂದೆಯಾದವನು ಅದನ್ನು ತೆರೆದು ನೋಡಬಹುದು, ಬಸ್ಸು ಹತ್ತಿ ಹೋಗಿ ಹ್ಯಾಂಗರಿನಲ್ಲಿ ಎಷ್ಟು ವಿಮಾನ ಹಾರುವ ಸ್ಥಿತಿಯಲ್ಲಿವೆ ಎಂದು ಕಣ್ಣಾರೆ ಎಣಿಸಿ ಬರಬಹುದು. ಸಾಗರದಾಚೆಯ ಶಾಲೆಯ ಬಗ್ಗೆ ಅವನಿಗಿರುವುದು ಏಜೆಂಟನ ಮಾತು ಒಂದೇ, ಆ ಏಜೆಂಟನಿಗೆ ಶಾಲೆಯಿಂದ ಕಮಿಷನ್ ಬರುತ್ತದೆ.

ಆದ್ದರಿಂದ ನನ್ನ ಬೇಡಿಕೆ ಇಷ್ಟು. ಡಿಜಿಸಿಎಯ ಮೊದಲ ದರ್ಜೆಯ ವೈದ್ಯಕೀಯ ಪ್ರಮಾಣಪತ್ರ ಕೈಗೆ ಬರುವವರೆಗೆ, ಮತ್ತು ವಾಯುಯಾನ ನಿಯಮ, ಹವಾಮಾನ, ನ್ಯಾವಿಗೇಷನ್ ವಿಷಯಗಳ ಲಿಖಿತ ಪರೀಕ್ಷೆಗಳು ಮುಗಿಯುವವರೆಗೆ ಯಾವ ಕುಟುಂಬವೂ ವಿದೇಶದ ಶಾಲೆಗೆ ಹಣ ಕಳುಹಿಸದಿರಲಿ. ಆ ಪರೀಕ್ಷೆಗಳಿಗೆ ಊರಿನಲ್ಲೇ ಕುಳಿತು ಓದಬಹುದು. ಓದಿನಲ್ಲಿ ಆಸಕ್ತಿ ಎಷ್ಟು ದಿನ ನಿಲ್ಲುತ್ತದೆಂಬುದೂ ಆಗಲೇ ಮಕ್ಕಳಿಗೂ ಮನೆಯವರಿಗೂ ಗೊತ್ತಾಗುತ್ತದೆ. ಆನಂತರವೂ ಹಣ ಒಟ್ಟಿಗೆ ಹೋಗಬಾರದು. ಅಮೆರಿಕದ ಅನೇಕ ಶಾಲೆಗಳಲ್ಲಿ ಖಾತೆಯಲ್ಲಿ ಸ್ವಲ್ಪ ಹಣವಿಟ್ಟು, ಹಾರಿದ ಗಂಟೆಗೆ ತಕ್ಕಂತೆ ಕಳೆಯುತ್ತಾ ಹೋಗುವ ಪದ್ಧತಿ ಇದೆ. ಅದಕ್ಕೆ ಒಪ್ಪದ ಶಾಲೆಯನ್ನು ಬಿಟ್ಟುಬಿಡುವುದೇ ಲೇಸು. ಸಾಲ ಕೊಡುವ ಬ್ಯಾಂಕುಗಳೂ ಹಿಂದಿನ ಕಂತಿನ ಗಂಟೆಗಳು ಲಾಗ್‌ಬುಕ್ಕಿನಲ್ಲಿ ಬೋಧಕರ ಸಹಿಯೊಂದಿಗೆ ದಾಖಲಾಗಿರುವುದನ್ನು ನೋಡಿಯೇ ಮುಂದಿನ ಕಂತು ಬಿಡುಗಡೆ ಮಾಡಬೇಕು. ಶಾಲೆ ಮುಚ್ಚಿದರೆ, ಮಗುವಿಗೆ ಕಾಯಿಲೆಯಾದರೆ, ಅಥವಾ ಮನಸ್ಸೇ ಬದಲಾದರೆ ಆಗ ಹೋಗುವುದು ಒಂದು ಕಂತು, ಇಡೀ ಗದ್ದೆಯಲ್ಲ.

ಮೈಸೂರು ಮತ್ತು ಮಂಡ್ಯ ಜಿಲ್ಲಾಡಳಿತಗಳಿಗೂ ಒಂದು ವಿನಂತಿಯಿದೆ. ಇಂಥ ಶಿಬಿರ ನಡೆಸುವವರು ಕನಿಷ್ಠ ಗಂಟೆಯ ಶುಲ್ಕ ಎಷ್ಟು, ಹೆಚ್ಚುವರಿ ಗಂಟೆಯ ದರ ಎಷ್ಟು, ಪರೀಕ್ಷಕರಿಗೆ ಕೊಡಬೇಕಾದದ್ದು ಎಷ್ಟು, ನಡುವೆ ಬಿಟ್ಟರೆ ವಾಪಸು ಬರುವುದು ಎಷ್ಟು, ತಮ್ಮ ಕಮಿಷನ್ ಎಷ್ಟು ಎಂಬುದನ್ನು ಕನ್ನಡದಲ್ಲಿ ಬರೆದು, ಸಹಿ ಮಾಡಿ ಕೊಡುವಂತೆ ಕ್ರಮ ಕೈಗೊಳ್ಳಬೇಕು. ಜಿಲ್ಲಾ ಉದ್ಯೋಗ ವಿನಿಮಯ ಕಚೇರಿಯಲ್ಲಿ ಪಿಯುಸಿ ಫಲಿತಾಂಶದ ನಂತರದ ಎರಡು ತಿಂಗಳಾದರೂ ಈ ವಿಷಯ ತಿಳಿದವರೊಬ್ಬರು ವಾರಕ್ಕೊಮ್ಮೆ ಕುಳಿತು ಪೋಷಕರ ಪ್ರಶ್ನೆಗಳಿಗೆ ಉತ್ತರಿಸುವ ವ್ಯವಸ್ಥೆ ಆಗಬೇಕು. ತರಬೇತಿ ಮುಗಿಸಿ ಬಂದವರು ಎರಡೂ ಜಿಲ್ಲೆಗಳಲ್ಲಿ ಈಗ ಸಾಕಷ್ಟು ಮಂದಿ ಇದ್ದೇವೆ. ಕರೆದರೆ ನಾನು ಸಂಭಾವನೆಯಿಲ್ಲದೆ ಬಂದು ಕೂರಲು ಸಿದ್ಧಳಿದ್ದೇನೆ, ನನ್ನ ಲಾಗ್‌ಬುಕ್ ಮತ್ತು ಖರ್ಚಿನ ಬಿಲ್ಲುಗಳನ್ನು ಮೇಜಿನ ಮೇಲಿಟ್ಟು ತೋರಿಸುತ್ತೇನೆ. ಕಚೇರಿಯ ಅಧಿಕಾರಿಗಳು ಈ ಪತ್ರಿಕೆಯ ಮೂಲಕ ನನ್ನನ್ನು ಸಂಪರ್ಕಿಸಬಹುದು.

ಇಂತಿ ತಮ್ಮ ವಿಶ್ವಾಸಿ,
ತರಬೇತಿ ಮುಗಿಸಿದ ಒಬ್ಬ ಪೈಲಟ್,
ಪಾಂಡವಪುರ ತಾಲ್ಲೂಕು, ಮಂಡ್ಯ ಜಿಲ್ಲೆ